ಸಿಲ್ವರ್ ಮರ ನಮ್ಮದೇ ಅಲ್ವಾ ಸಾರ್?

ಪ್ರಶ್ನೆ: ನಮ್ಮ ಕ್ಯಾಂಪಸ್‌ನಲ್ಲಿ ಎಲ್ಲಿ ನೋಡಿದರೂ ಮರಗಳೇ. ಜಾಸ್ತಿ ನಮ್ಮ ಸಿಲ್ವರ್. ಸಸ್ಯ ವೈವಿಧ್ಯ ಅನ್ನೋಕೆ ಇಷ್ಟು ಸಾಲದೇ?

ಸಾಲದು. ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗಲೂ ಇದೇ ಪ್ರಶ್ನೆ, ನನ್ನದೂ ಇದೇ ಉತ್ತರ. ನೂರು ಸಿಲ್ವರ್ ನೆಟ್ಟರೂ ಲೆಕ್ಕಕ್ಕೆ ಒಂದೇ ಜಾತಿ.

ನನಗೆ ತಡೆಯೋಕಾಗದ್ದು ಆ 'ನಮ್ಮ' ಅನ್ನೋ ಮಾತು. ಸಿಲ್ವರ್ ಓಕ್ ನಮ್ಮದಲ್ಲ. ಅದರ ತವರು ಆಸ್ಟ್ರೇಲಿಯಾದ ಪೂರ್ವ ಭಾಗ, ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್. ಓಕ್ ಜಾತಿಗೂ ಅದಕ್ಕೂ ಸಂಬಂಧವೇ ಇಲ್ಲ. ಎಲೆ ತಿರುಗಿಸಿ ನೋಡಿ, ಹಿಂಬದಿ ಬೆಳ್ಳಿ ಬಳಿದ ಹಾಗಿದೆ, ಹೆಸರಿನ 'ಸಿಲ್ವರ್' ಅಲ್ಲಿಂದ ಬಂತು. "ಅಜ್ಜನ ಕಾಲದಿಂದ ತೋಟದಲ್ಲಿದೆ ಸಾರ್" ಅಂತೀರಿ. ಇರಬಹುದು, ತಂದು ನೆಟ್ಟಿದ್ದಕ್ಕೆ ಇದೆ. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಕರಿಮೆಣಸಿನ ಬಳ್ಳಿ ಹಬ್ಬಿಸಬಹುದು, ಬೀಟೆ, ಹೊನ್ನೆ ಕಡಿಯುವಾಗಿನ ಪರವಾನಗಿಯ ತಾಪತ್ರಯವೂ ಇದಕ್ಕಿಲ್ಲ. ಬೆಳೆಗಾರರು ನೆಟ್ಟರೆ ನನ್ನ ತಕರಾರಿಲ್ಲ. ಆದರೆ ಕ್ಯಾಂಪಸ್‌ನಲ್ಲಿ ನಾವೇನು ಮೆಣಸು ಕೊಯ್ಯಬೇಕಾ?

ಅತ್ತಿ ಹಣ್ಣು ಬಿಟ್ಟಾಗ ಅದರ ಕೆಳಗೆ ಹತ್ತು ನಿಮಿಷ ಸುಮ್ನೆ ನಿಲ್ಲಿ. ಮೇಲೆ ಕುಟ್ರು ಹಕ್ಕಿ, ಕೊಂಬೆಯಲ್ಲಿ ಅಳಿಲು, ಕತ್ತಲಾದರೆ ಬಾವಲಿ. ಸಿಲ್ವರ್ ಹೂ ಬಿಟ್ಟಾಗ ಜೇನು ಬರುತ್ತದೆ, ನಿಜ. ಹಣ್ಣು ತಿನ್ನುವವಕ್ಕೆ ಅಲ್ಲಿ ಏನೂ ಇಲ್ಲ.

ಇನ್ನು, ನೀವು ಕೇಳದಿದ್ದರೂ ಹೇಳುತ್ತೇನೆ: ಮರದ ಕೆಳಗೇನಿದೆ? ಮರ ಎಣಿಸಿದರೆ ಅರ್ಧ ಕೆಲಸ ಅಷ್ಟೇ. ಸಣ್ಣ ಗಿಡಗಳಿಗೆ ನಾವು 1 ಮೀಟರ್ ಉದ್ದ, 1 ಮೀಟರ್ ಅಗಲದ ಚೌಕಕ್ಕೆ ಹಗ್ಗ ಹಿಡಿದು, ಅದರೊಳಗೆ ಏನೇನು ಗಿಡ ಇದೆ ಅಂತ ಎಣಿಸುತ್ತಾ ಕೂರುತ್ತೇವೆ. ಹೋದ ಮಳೆಗಾಲ ಒಂದೇ ಚೌಕದಲ್ಲಿ ಗರಿಕೆ, ತುಂಬೆ, ಒಂದೆಲಗ, ನೆಲನೆಲ್ಲಿ, ಮುಟ್ಟಿದರೆ ಮುನಿ ಸಿಕ್ಕವು. ಮುಟ್ಟಿದರೆ ಮುನಿಯೂ ಅಮೆರಿಕದ ಕಡೆಯಿಂದ ಬಂದದ್ದು, ಗೊತ್ತಿರಲಿ.

ಕಾಂಪೌಂಡ್ ಪಕ್ಕ ನೆರಳು, ತೇವ ಇರುವ ಮೂಲೆಯಲ್ಲಿ ಮದ್ದುಸೊಪ್ಪೂ ಇದೆ. ಕಕ್ಕಡ 18ಕ್ಕೆ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮನೆಯಲ್ಲಿ ಬೇಯಿಸಿದಾಗ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದಲ್ಲ, ಪಾಯಸಕ್ಕೆ ಹಾಕುವುದು, ಅದೇ ಗಿಡ. ಎಷ್ಟೋ ಮಕ್ಕಳು ಪಾಯಸ ತಿಂದಿದ್ದಾರೆ, ಗಿಡ ನೋಡಿಲ್ಲ. ಹೋದ ವರ್ಷ ಕಳೆ ಅಂದುಕೊಂಡು ಯಾರೋ ಬುಡಸಮೇತ ಸವರಿಬಿಟ್ಟಿದ್ದರು. ಮತ್ತೆ ಚಿಗುರಿದೆ. ಈ ಸಲ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿದ್ದೇವೆ.