ವಿಸ್ಕ್ರಿ: ಟ್ರಾನ್ಸಿಲ್ವೇನಿಯಾದ ಜರ್ಮನ್ ಹಳ್ಳಿಯೊಂದರ ಚರಿತ್ರೆ

ವಿಸ್ಕ್ರಿ ರುಮೇನಿಯದ ಟ್ರಾನ್ಸಿಲ್ವೇನಿಯಾ ಪ್ರಾಂತದಲ್ಲಿರುವ ಬ್ರಷೋವ್ ಜಿಲ್ಲೆಯ ಒಂದು ಪುಟ್ಟ ಹಳ್ಳಿ. 12ನೆಯ ಶತಮಾನದಲ್ಲಿ ಹಂಗೇರಿಯ ದೊರೆ ಎರಡನೆಯ ಗೇಜಾ ಆಗ ತನ್ನ ರಾಜ್ಯದ ಗಡಿಸೀಮೆಯಾಗಿದ್ದ ಈ ಪ್ರಾಂತವನ್ನು ಕಾಯುವುದಕ್ಕೂ ಸಾಗುವಳಿಗೆ ತರುವುದಕ್ಕೂ ರೈನ್, ಮೊಸೆಲ್ ನದಿಗಳ ಪ್ರದೇಶದಿಂದ ಮತ್ತು ಲಕ್ಸೆಂಬರ್ಗಿನ ಕಡೆಯಿಂದ ವಲಸಿಗರನ್ನು ಕರೆಸಿದನು. ಟ್ರಾನ್ಸಿಲ್ವೇನಿಯಾದ ಸ್ಯಾಕ್ಸನ್ನರು ಎನಿಸಿಕೊಂಡ ಈ ಜರ್ಮನ್ ಜನರಿಗೆ, ಪಾದ್ರಿಗಳನ್ನು ತಾವೇ ಆರಿಸಿಕೊಳ್ಳುವ ಹಕ್ಕೂ ಸ್ವಂತ ನ್ಯಾಯಾಡಳಿತವೂ 1224ರ ರಾಜಸನ್ನದಿನಿಂದ ದೊರೆತವು. 16ನೆಯ ಶತಮಾನದಲ್ಲಿ ಇವರು ಪ್ರಾಟೆಸ್ಟಂಟ್ ಕ್ರೈಸ್ತರ ಲೂಥರನ್ ಪಂಥಕ್ಕೆ ಸೇರಿದರು.

ಸನ್ನದು ಮುಖ್ಯವೇ ಸರಿ; ಆದರೂ ಈ ಸಮುದಾಯವನ್ನು ಎಂಟು ಶತಮಾನ ಒಗ್ಗೂಡಿಸಿಟ್ಟದ್ದು ‘ನಾಖ್‌ಬಾರ್‌ಶಾಫ್ಟ್’ ಎಂಬ ನೆರೆಹೊರೆಯ ಕೂಟವೆಂದೇ ನನಗೆ ತೋರುತ್ತದೆ. ಒಂದೇ ಬೀದಿಯ ಮನೆಗಳವರು ಸೇರಿ ಬಾವಿಯ ಹೂಳೆತ್ತುವುದು, ಮನೆ ಕಟ್ಟುವುದು, ಸತ್ತವರಿಗೆ ಗುಂಡಿ ತೋಡುವುದು, ಇವೆಲ್ಲ ಅದರ ಕಟ್ಟುಪಾಡುಗಳಾಗಿದ್ದವು. ತಪ್ಪಿಸಿಕೊಂಡವರು ದಂಡ ತೆರಬೇಕಿತ್ತು. ವರ್ಷಕ್ಕೊಮ್ಮೆ ಕೂಟ ಸೇರಿದಾಗ ಜಗಳಗಳನ್ನೂ ಅಲ್ಲಿಯೇ ತೀರಿಸಿಕೊಳ್ಳುತ್ತಿದ್ದರು.

ಊರಿನ ಕಟ್ಟಡಗಳಲ್ಲಿಯೂ ಇದೇ ಶಿಸ್ತು ಕಾಣುತ್ತದೆ. ಸುಣ್ಣಕ್ಕೆ ನೀಲಿ, ಹಸಿರು ಬಣ್ಣ ಬೆರೆಸಿ ಬಳಿದ ಮನೆಗಳ ತ್ರಿಕೋನಾಕಾರದ ಮುಂಗೋಡೆ ಬೀದಿಗೆ ಮುಖಮಾಡಿರುತ್ತದೆ. ಪಕ್ಕದಲ್ಲಿ ಬಂಡಿ ಹಾಯುವಷ್ಟು ದೊಡ್ಡ ಬಾಗಿಲು, ಅಂಗಳದ ಕೊನೆಯಲ್ಲಿ ಕಣಜದ ಕೊಟ್ಟಿಗೆ. ತುರ್ಕರ ಮತ್ತು ತಾತಾರರ ದಾಳಿಗಳಿಗೆ ಅಂಜಿ ಚರ್ಚನ್ನೇ ಕೋಟೆಯಾಗಿಸಿದ್ದರು. ಮುತ್ತಿಗೆಯ ಭಯ ತೀರಿದ ಮೇಲೂ ಅದರ ಒಂದು ಗೋಪುರದಲ್ಲಿ ಕುಟುಂಬಗಳು ತಮ್ಮ ತಮ್ಮ ಗುರುತು ಹಾಕಿದ ಉಪ್ಪುಹಾಕಿದ ಹಂದಿಮಾಂಸವನ್ನು ತೂಗುಹಾಕುತ್ತಿದ್ದವು. ಕೋಟೆಯೇ ಊರಿನ ಉಗ್ರಾಣವೂ ಆಗಿತ್ತೆನ್ನಬಹುದು!

1876ರಲ್ಲಿ ಸ್ಯಾಕ್ಸನ್ನರ ಸ್ವಯಮಾಡಳಿತ ರದ್ದಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1945ರಲ್ಲಿ. ಆ ವರ್ಷದ ಜನವರಿಯಲ್ಲಿ ರುಮೇನಿಯದ ಸುಮಾರು 70,000 ಜರ್ಮನ್ನರನ್ನು ಸೋವಿಯತ್ ಒಕ್ಕೂಟಕ್ಕೆ ಬಲವಂತದ ದುಡಿಮೆಗೆ ಸಾಗಿಸಲಾಯಿತು. ಬಳಿಕ ಭೂಸುಧಾರಣೆಯ ಹೆಸರಿನಲ್ಲಿ ಜರ್ಮನ್ ರೈತರ ಹೊಲಗಳನ್ನು ಕಸಿದುಕೊಳ್ಳಲಾಯಿತು. ರುಮೇನಿಯದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕುವಿನ ಆಳ್ವಿಕೆಯಲ್ಲಿ ಪಶ್ಚಿಮ ಜರ್ಮನಿಯು ವಲಸೆ ಹೊರಟವರಿಗೆ ತಲಾ ಇಷ್ಟೆಂದು ಹಣ ತೆತ್ತು ಅವರನ್ನು ಬಿಡಿಸಿಕೊಂಡಿತು. 1990ರಲ್ಲಿ ಗಡಿ ತೆರೆದಾಗ ಹಳ್ಳಿಗಳೇ ಬರಿದಾದವು. ಈ ವಲಸೆಗೆ ಜರ್ಮನಿಯ ಸಮೃದ್ಧಿಯ ಸೆಳೆತ ಮಾತ್ರ ಕಾರಣವೆಂದರೆ 1945ನ್ನು ಮರೆತಂತಾಗುತ್ತದೆ; ಕೂಟಕ್ಕೆ ಆಧಾರವಾಗಿದ್ದ ನೆಲ ಆಗಲೇ ಕೈತಪ್ಪಿತ್ತು.

ಕೋಟೆಚರ್ಚುಗಳ ಹಳ್ಳಿಗಳ ಸಾಲಿನಲ್ಲಿ ವಿಸ್ಕ್ರಿ 1999ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಂದು ಅಲ್ಲಿ ಉಳಿದಿರುವ ಸ್ಯಾಕ್ಸನ್ನರು ಬೆರಳೆಣಿಕೆಯಷ್ಟು ಮಂದಿ. ಊರಿನ ಬಹುಪಾಲು ಮನೆಗಳಲ್ಲಿ ರೋಮಾ ಮತ್ತು ರುಮೇನಿಯನ್ ಕುಟುಂಬಗಳು ವಾಸಿಸುತ್ತಿವೆ.