ನನ್ನ ಫೋನಿನಲ್ಲಿ ಮೂಡುವ ನಕ್ಷೆ ಗೆಳೆಯರ ಫೋನಿನಲ್ಲೇಕೆ ಮೂಡುವುದಿಲ್ಲ?

ಪ್ರಶ್ನೆ: ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮತ್ತು ಮುಳ್ಳಯ್ಯನಗಿರಿಯ ಸುತ್ತಲಿನ ತಾಣಗಳನ್ನು ಪರಿಚಯಿಸುವ ಆಂಡ್ರಾಯ್ಡ್ ಆ್ಯಪ್ ಒಂದನ್ನು ಹಾಸನದ ನಾವು ಕೆಲವು ವಿದ್ಯಾರ್ಥಿಗಳು ಸೇರಿ ಸಿದ್ಧಪಡಿಸುತ್ತಿದ್ದೇವೆ. ನನ್ನ ಫೋನಿನಲ್ಲಿ ನಕ್ಷೆಯೂ, ಹಿಗ್ಗಿಸಿ ನೋಡುವ ಶಿಲ್ಪಗಳ ಚಿತ್ರಗಳೂ ಚೆನ್ನಾಗಿಯೇ ಕಾಣುತ್ತವೆ. ಗೆಳೆಯರ ಫೋನುಗಳಲ್ಲಿ ಮಾತ್ರ ನಕ್ಷೆಯ ಜಾಗ ಬೂದುಬಣ್ಣವಾಗಿ ಉಳಿಯುತ್ತದೆ, ಚಿತ್ರವನ್ನು ಹಿಗ್ಗಿಸಿದರೆ ಆ್ಯಪ್ ತಾನಾಗಿ ಮುಚ್ಚಿಕೊಳ್ಳುತ್ತದೆ, ಚಿತ್ರದ ಮೇಲಿನ ಗುರುತುಗಳು ಜಾಗ ಬಿಟ್ಟು ಸರಿಯುತ್ತವೆ. ಕೋಡ್ ಒಂದೇ ಆಗಿರುವಾಗ ಹೀಗಾಗುವುದು ಏಕೆ?

ಉತ್ತರ: ಕೋಡ್ ಒಂದೇ ಆದರೂ ಅದು ಓಡುವ ಪರಿಸ್ಥಿತಿ ಒಂದೇ ಅಲ್ಲ. ಆ್ಯಪ್‌ಗೆ ಬಿದ್ದಿರುವ ಡಿಜಿಟಲ್ ಸಹಿ, ಫೋನಿಗೆ ಸಿಗುವ ನೆಟ್‌ವರ್ಕ್, ಅದರ ಮೆಮೊರಿ ಮತ್ತು ಪರದೆಯ ಪಿಕ್ಸೆಲ್ ಸಾಂದ್ರತೆ ಫೋನಿನಿಂದ ಫೋನಿಗೆ ಬದಲಾಗುತ್ತವೆ; ನೀವು ಹೇಳಿರುವ ಮೂರು ತೊಂದರೆಗಳ ಮೂಲ ಇವುಗಳಲ್ಲಿ ಬೇರೆಬೇರೆ ಕಡೆ ಇರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಮೂರಕ್ಕೂ ಒಂದೇ ಕಾರಣವನ್ನು ಹುಡುಕಬೇಡಿ. ಕೋಡ್ ತಿದ್ದುವುದಕ್ಕೆ ಮೊದಲು ಪರದೆಯ ಮೇಲೆ ನಿಜವಾಗಿ ಏನು ಕಾಣುತ್ತಿದೆ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳಿ, ಏಕೆಂದರೆ "ನಕ್ಷೆ ಬರುತ್ತಿಲ್ಲ" ಎಂಬುದರಲ್ಲೇ ಹಲವು ಬಗೆಗಳಿವೆ.

ನಕ್ಷೆಯ ಜಾಗವೆಲ್ಲ ಖಾಲಿಯಾಗಿದ್ದು, ಮೂಲೆಯಲ್ಲಿ ಗೂಗಲ್ ಲಾಂಛನ ಮಾತ್ರ ಕಾಣುತ್ತಿದ್ದರೆ ಮೊದಲು ಸಂಶಯಿಸಬೇಕಾದದ್ದು ಎಪಿಐ ಕೀಯನ್ನು, ಅಂದರೆ ನಕ್ಷೆಯ ಸೇವೆಯನ್ನು ಬಳಸಲು ಗೂಗಲ್ ಕೊಡುವ ಸಂಕೇತವನ್ನು. ಗೂಗಲ್ ಮ್ಯಾಪ್ಸ್ ಬಳಸುವ ಆ್ಯಪ್‌ನ ಕೀಯನ್ನು ಸಾಮಾನ್ಯವಾಗಿ ಆ್ಯಪ್‌ನ ಪ್ಯಾಕೇಜ್ ಹೆಸರಿಗೂ, ಸಹಿ ಪ್ರಮಾಣಪತ್ರದ ಎಸ್‌ಎಚ್‌ಎ-1 ಬೆರಳಚ್ಚಿಗೂ (ಆ ಸಹಿಯನ್ನು ಗುರುತಿಸುವ ಚಿಕ್ಕ ಸಂಕೇತ) ಸೀಮಿತಗೊಳಿಸಲಾಗಿರುತ್ತದೆ. ಆಂಡ್ರಾಯ್ಡ್ ಸ್ಟುಡಿಯೋ ಪ್ರತಿ ಕಂಪ್ಯೂಟರಿನಲ್ಲೂ ಬೇರೆಯದೇ ಡೀಬಗ್ ಸಹಿಯನ್ನು (ಪರೀಕ್ಷೆಯ ಹಂತಕ್ಕೆಂದು ಹಾಕುವ ಸಹಿ) ಸೃಷ್ಟಿಸುವುದರಿಂದ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಟ್ಟಿದ ಆ್ಯಪ್‌ಗೂ ಗೆಳೆಯರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಕಟ್ಟಿಕೊಂಡ ಅದೇ ಕೋಡ್‌ನ ಆ್ಯಪ್‌ಗೂ ಸಹಿ ಒಂದೇ ಇರುವುದಿಲ್ಲ. ಪ್ಲೇ ಸ್ಟೋರ್ ಮೂಲಕ ಹಂಚಿದರೆ ಇನ್ನೊಂದು ಸಹಿ ಬಂದು ಸೇರುತ್ತದೆ: ಪ್ಲೇ ಆ್ಯಪ್ ಸೈನಿಂಗ್ ವ್ಯವಸ್ಥೆಯಲ್ಲಿ ಬಳಕೆದಾರರ ಫೋನಿಗೆ ತಲುಪುವ ಆ್ಯಪ್‌ಗೆ ನೀವು ಅಪ್‌ಲೋಡ್ ಮಾಡುವಾಗ ಹಾಕಿದ ಸಹಿ ಉಳಿಯದೆ, ಗೂಗಲ್ ಬಳಿ ಇರಿಸಿರುವ ಕೀಯಿಂದ ಹಾಕಿದ ಸಹಿ ಇರುತ್ತದೆ. ಇವೆಲ್ಲವುಗಳ ಬೆರಳಚ್ಚುಗಳನ್ನು ಕೀಯ ಅನುಮತಿ ಪಟ್ಟಿಯಲ್ಲಿ ಸೇರಿಸಬೇಕು. ಗೆಳೆಯರ ಫೋನನ್ನು ಕೇಬಲ್‌ನಿಂದ ಜೋಡಿಸಿ, ಫೋನಿನ ಒಳಗಿನ ಸಂದೇಶಗಳನ್ನು ತೋರಿಸುವ ಲಾಗ್‌ಕ್ಯಾಟ್ ತೆರೆದರೆ "ಆಥರೈಸೇಷನ್ ಫೇಲ್ಯೂರ್" ಎಂಬ ಸಾಲಿನ ಜೊತೆಗೆ, ಆ ಆ್ಯಪ್‌ನಲ್ಲಿರುವ ಬೆರಳಚ್ಚು ಯಾವುದೆಂಬುದೂ ಕಾಣುತ್ತದೆ, ಅದನ್ನೇ ನಕಲಿಸಿಕೊಳ್ಳಬಹುದು. ಕೀಯ ಮೇಲಿನ ನಿರ್ಬಂಧವನ್ನೇ ತೆಗೆದುಹಾಕಿ ನಕ್ಷೆ ಬರಿಸಿಕೊಳ್ಳುವ ಅಡ್ಡದಾರಿಯನ್ನು ಹಲವರು ಹಿಡಿಯುತ್ತಾರೆ. ಕೀ ಬೇರೆಯವರ ಕೈಗೆ ಸಿಕ್ಕರೆ ಅವರ ಬಳಕೆಯ ಬಿಲ್ ನಿಮ್ಮ ಖಾತೆಗೆ ಬರುತ್ತದೆ ಎಂಬುದು ತಿಳಿದಿದ್ದರೆ ಯಾರೂ ಹಾಗೆ ಮಾಡಲಾರರು.

ನಕ್ಷೆಯ ಒಂದು ಮೂಲೆ ಮಾತ್ರ ಮೂಡಿ ಉಳಿದದ್ದು ಬೂದಾಗಿದ್ದು, ಫೋನನ್ನು ಅಡ್ಡ ತಿರುಗಿಸಿದೊಡನೆ ಎಲ್ಲವೂ ಸರಿಹೋಗುತ್ತಿದ್ದರೆ ಅದು ಕೀಯ ತೊಂದರೆಯಲ್ಲ. ವೆಬ್‌ವ್ಯೂ (ಆ್ಯಪ್‌ನೊಳಗೆ ವೆಬ್ ಪುಟ ತೋರಿಸುವ ಭಾಗ) ಒಳಗೆ ಲೀಫ್‌ಲೆಟ್ ಎಂಬ ನಕ್ಷೆಯ ಲೈಬ್ರರಿಯನ್ನು ಬಳಸುವವರಿಗೆ ಇದು ಪದೇಪದೇ ಎದುರಾಗುತ್ತದೆ. ನಕ್ಷೆ ಇರುವ ಟ್ಯಾಬ್ ಇನ್ನೂ ಮರೆಯಲ್ಲಿರುವಾಗಲೇ ಅದನ್ನು ಆರಂಭಿಸಿದರೆ, ಲೀಫ್‌ಲೆಟ್ ತನಗೆ ಸಿಕ್ಕಿರುವ ಜಾಗವನ್ನು ತಪ್ಪಾಗಿ ಅಳೆದು ಅಷ್ಟಕ್ಕೆ ಬೇಕಾದ ಟೈಲ್‌ಗಳನ್ನಷ್ಟೇ (ನಕ್ಷೆಯನ್ನು ಕತ್ತರಿಸಿ ಮಾಡಿದ ಚೌಕ ತುಂಡುಗಳು) ತರಿಸುತ್ತದೆ. ಟ್ಯಾಬ್ ತೆರೆದ ಮೇಲೆ ಇನ್‌ವ್ಯಾಲಿಡೇಟ್‌ಸೈಜ್ ಎಂಬ ಕರೆಯನ್ನು ಮಾಡಿದರೆ ಅದು ಮತ್ತೆ ಅಳೆದುಕೊಳ್ಳುತ್ತದೆ.

ಇನ್ನುಳಿದದ್ದು ಅಲ್ಲೊಂದು ಇಲ್ಲೊಂದು ಚೌಕ ಮಾತ್ರ ತುಂಬಿಕೊಳ್ಳುವ ನಕ್ಷೆ. ಸಕಲೇಶಪುರದ ಘಟ್ಟದಲ್ಲೋ ಚಾರ್ಮಾಡಿಯ ತಿರುವುಗಳಲ್ಲೋ ನೆಟ್‌ವರ್ಕ್ ಕಡಿದುಹೋಗುವುದು ಇದಕ್ಕೆ ಸಹಜವಾದ ಕಾರಣ. ಆದರೆ ಹಾಸನದ ನಡುವೆ, ವೈಫೈ ಇರುವಾಗಲೂ ಹೀಗಾದರೆ ಟೈಲ್ ಸರ್ವರ್ ನಿಮ್ಮನ್ನು ತಡೆಯುತ್ತಿರಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಾರ್ವಜನಿಕ ಟೈಲ್ ಸರ್ವರ್ ತನ್ನನ್ನು ಬಳಸುವ ಆ್ಯಪ್ ತನ್ನ ಗುರುತನ್ನು ಯೂಸರ್ ಏಜೆಂಟ್‌ನಲ್ಲಿ (ಸರ್ವರ್‌ಗೆ ಕಳುಹಿಸುವ ಪರಿಚಯದ ಸಾಲು) ಸ್ಪಷ್ಟವಾಗಿ ಹೇಳಬೇಕೆಂದು ಬಯಸುತ್ತದೆ ಮತ್ತು ಟೈಲ್‌ಗಳನ್ನು ಸಗಟಾಗಿ ಇಳಿಸಿಕೊಳ್ಳುವುದನ್ನು ನಿಷೇಧಿಸಿದೆ. ಕಾಲೇಜಿನ ಕಂಪ್ಯೂಟರನ್ನೇ ಟೈಲ್ ಸರ್ವರ್ ಮಾಡಿಕೊಂಡು ಎಚ್‌ಟಿಟಿಪಿ ವಿಳಾಸ ಕೊಟ್ಟಿದ್ದರೆ, ಹಳೆಯ ಫೋನಿನಲ್ಲಿ ನಕ್ಷೆ ಬಂದು ಹೊಸ ಫೋನಿನಲ್ಲಿ ಬಾರದಿರಬಹುದು. ಆಂಡ್ರಾಯ್ಡ್ 9ರಿಂದ ಈಚೆಗೆ ಗೂಢಲಿಪೀಕರಣವಿಲ್ಲದ ಇಂಥ ಸಂಪರ್ಕಕ್ಕೆ ಮೊದಲೇ ತಡೆಯಿದ್ದು, ಬೇಕಾದವರು ಅದಕ್ಕೆ ಪ್ರತ್ಯೇಕವಾಗಿ ಅನುಮತಿ ಕೊಡಬೇಕಾಗುತ್ತದೆ. ಕೊನೆಯ ಹಂತದವರೆಗೆ ಹಿಗ್ಗಿಸಿದಾಗ ಮಾತ್ರ ಎಲ್ಲವೂ ಬೂದಾದರೆ, ಸರ್ವರ್‌ನಲ್ಲಿ ಅಷ್ಟು ಆಳದ ಟೈಲ್‌ಗಳೇ ಇಲ್ಲವೆಂದು ಅರ್ಥ. ಲೀಫ್‌ಲೆಟ್‌ನಲ್ಲಿ ಮ್ಯಾಕ್ಸ್‌ನೇಟಿವ್‌ಝೂಮ್ ನಿಗದಿಪಡಿಸಿದರೆ ಇರುವ ಟೈಲ್‌ಗಳನ್ನೇ ಹಿಗ್ಗಿಸಿ ತೋರಿಸುತ್ತದೆ.

ನೆಟ್‌ವರ್ಕ್ ಇಲ್ಲದ ಕಡೆಗೆಂದು ನಕ್ಷೆಯನ್ನೇ ಆ್ಯಪ್‌ನೊಳಗೆ ತುಂಬಿಬಿಡುವ ಯೋಚನೆ ಬರುವುದು ಸಹಜ. ಅದಕ್ಕೆ ಮೊದಲು ಲೆಕ್ಕ ಹಾಕಿ. ಒಂದೊಂದು ಝೂಮ್ ಹಂತ ಏರಿದಂತೆ ಟೈಲ್‌ಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಸುಮಾರು 7,200 ಚದರ ಕಿಲೋಮೀಟರ್ ವಿಸ್ತಾರದ ಚಿಕ್ಕಮಗಳೂರು ಜಿಲ್ಲೆಗೆ 14ನೇ ಹಂತದಲ್ಲಿ ಸುಮಾರು 1,300 ಟೈಲ್‌ಗಳು ಸಾಕಾದರೆ, 18ನೇ ಹಂತಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಬೇಕಾಗುತ್ತವೆ. ಜಿಲ್ಲೆಯನ್ನು 14ರವರೆಗೆ, ಚಾರಣದ ದಾರಿಗಳ ಇಕ್ಕೆಲವನ್ನು ಮಾತ್ರ ಅದಕ್ಕಿಂತ ಆಳವಾಗಿ, ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶದಿಂದ ನೀವೇ ತಯಾರಿಸಿ, ಟೈಲ್‌ಗಳನ್ನೆಲ್ಲ ಒಂದೇ ಕಡೆ ಸೇರಿಸುವ ಎಂಬಿಟೈಲ್ಸ್ ಫೈಲಿನಲ್ಲಿ ಇಡುವುದು ನನಗೆ ಸರಿ ಕಾಣುವ ದಾರಿ.

ಚಿತ್ರದ ತೊಂದರೆಗೆ ಬರೋಣ. ಇಲ್ಲಿ ಬಹುತೇಕರನ್ನು ದಾರಿ ತಪ್ಪಿಸುವುದು ಫೈಲಿನ ಗಾತ್ರ. ಬೇಲೂರಿನ ಒಂದು ಮದನಿಕೆಯ ಆಭರಣಗಳ ಎಳೆಯೆಳೆಯೂ ಕಾಣಲಿ ಎಂದು ನೀವು 12,000 ಅಗಲ, 9,000 ಎತ್ತರದ ಪಿಕ್ಸೆಲ್‌ಗಳ ಚಿತ್ರ ಇಟ್ಟಿದ್ದೀರಿ ಎಂದುಕೊಳ್ಳಿ. ಜೆಪೆಗ್ ರೂಪದಲ್ಲಿ ಅದು ಕೆಲವೇ ಹತ್ತು ಎಂಬಿ ಇರಬಹುದು, ಆದರೆ ಪರದೆಗೆ ಬರಬೇಕಾದರೆ ಅದು ಬಿಚ್ಚಿಕೊಳ್ಳಲೇಬೇಕು. ಒಂದು ಪಿಕ್ಸೆಲ್‌ಗೆ 4 ಬೈಟ್‌ನಂತೆ 10.8 ಕೋಟಿ ಪಿಕ್ಸೆಲ್‌ಗಳಿಗೆ 432 ಎಂಬಿ ಮೆಮೊರಿ ಬೇಕು. ಆಂಡ್ರಾಯ್ಡ್ 8ರಿಂದ ಈಚೆಗೆ ಬಿಟ್‌ಮ್ಯಾಪ್‌ನ (ಹೀಗೆ ಬಿಚ್ಚಿಕೊಂಡ ಚಿತ್ರ) ಪಿಕ್ಸೆಲ್‌ಗಳು ಜಾವಾ ಹೀಪ್‌ನ (ಆ್ಯಪ್‌ನ ಕೋಡ್‌ಗೆ ಮಿತಿ ಹಾಕಿ ಕೊಟ್ಟ ಮೆಮೊರಿ) ಹೊರಗೆ ಉಳಿಯುವುದರಿಂದ ಹೀಪ್‌ನ ಮಿತಿ ಅವುಗಳಿಗೆ ತಟ್ಟುವುದಿಲ್ಲ, ಹಾಗಾಗಿ ಚಿತ್ರ ಮೊದಲು ಒಳಗೆ ಬಂದಂತೆಯೇ ಕಾಣುತ್ತದೆ. ಬಳಿಕ ಪರದೆಗೆ ಚಿತ್ರ ಬಿಡಿಸುವ ಕ್ಯಾನ್ವಾಸ್ ಅಷ್ಟು ದೊಡ್ಡ ಬಿಟ್‌ಮ್ಯಾಪನ್ನು ಬಿಡಿಸಲು ನಿರಾಕರಿಸಿ ದೋಷ ಎಸೆಯುತ್ತದೆ, ಇಲ್ಲವೇ ಮೆಮೊರಿ ಸಾಲದ ಫೋನಿನ ವ್ಯವಸ್ಥೆಯೇ ಆ್ಯಪ್ಪನ್ನು ಸದ್ದಿಲ್ಲದೆ ಮುಚ್ಚಿಬಿಡುತ್ತದೆ. ಎರಡನೆಯ ಬಗೆಯಲ್ಲಿ ನಿಮ್ಮ ಕೋಡ್‌ನ ಸಾಲನ್ನು ಬೊಟ್ಟು ಮಾಡಿ ತೋರುವ ದೋಷಸಂದೇಶ ಇರುವುದಿಲ್ಲ. ಕೋಡ್‌ನಲ್ಲೇ ತಪ್ಪು ಹುಡುಕುತ್ತಾ ಕೂತವರು ದಿನವಿಡೀ ಕೂತೇ ಇರುವುದು ಇದರಿಂದಲೇ.

ಇದೇ ಬಗೆಯ ಇನ್ನೊಂದು ತಪ್ಪು ಕಣ್ಣಿಗೇ ಬೀಳುವುದಿಲ್ಲ. ಚಿತ್ರವನ್ನು ಬರಿಯ ಡ್ರಾಯಬಲ್ ಎಂಬ ಫೋಲ್ಡರಿನಲ್ಲಿ ಇಟ್ಟರೆ ಆಂಡ್ರಾಯ್ಡ್ ಅದನ್ನು ಕಡಿಮೆ ಸಾಂದ್ರತೆಯ ಪರದೆಗೆ ಮಾಡಿದ ಚಿತ್ರವೆಂದು ಭಾವಿಸಿ, ಮೂರು ಪಟ್ಟು ಸಾಂದ್ರತೆಯ ಫೋನಿನಲ್ಲಿ ಅಗಲ ಎತ್ತರ ಎರಡನ್ನೂ ಮೂರು ಪಟ್ಟು ಹಿಗ್ಗಿಸುತ್ತದೆ. ಮೆಮೊರಿ ಒಂಬತ್ತು ಪಟ್ಟಾಗುತ್ತದೆ. ಒಂದು ಫೋನಿನಲ್ಲಿ ಸುಖವಾಗಿ ತೆರೆಯುವ ಚಿತ್ರ ಅದಕ್ಕಿಂತ ಒಳ್ಳೆಯ ಪರದೆಯ ಫೋನಿನಲ್ಲಿ ಆ್ಯಪ್ಪನ್ನೇ ಬೀಳಿಸುವುದಕ್ಕೆ ಇದು ಕಾರಣವಾಗಬಲ್ಲದು. ದೊಡ್ಡ ಚಿತ್ರಗಳನ್ನು ನೋಡಿಪಿಐ (nodpi) ಎಂಬ ಹೆಸರಿನ ಡ್ರಾಯಬಲ್ ಫೋಲ್ಡರಿನಲ್ಲೋ ಅಸೆಟ್ಸ್‌ನಲ್ಲೋ ಇಡಿ.

ಪರಿಹಾರದ ತತ್ವ ಸರಳ: ಪರದೆ ತೋರಿಸಬಲ್ಲಷ್ಟನ್ನು ಮಾತ್ರ ಬಿಚ್ಚಬೇಕು. ಪೂರ್ತಿ ಚಿತ್ರ ಕಾಣುವ ಹಂತದಲ್ಲಿ ಚಿತ್ರವನ್ನು ಎಷ್ಟು ಪಟ್ಟು ಕುಗ್ಗಿಸಿ ಬಿಚ್ಚಬೇಕೆಂದು ಹೇಳುವ ಇನ್‌ಸ್ಯಾಂಪಲ್‌ಸೈಜ್ ಬೆಲೆಯನ್ನು 8 ಎಂದು ಕೊಟ್ಟರೆ ಮೇಲಿನ ಚಿತ್ರ 1,500 ಅಗಲ, 1,125 ಎತ್ತರಕ್ಕೆ ಇಳಿದು 7 ಎಂಬಿಗಿಂತ ಕಡಿಮೆ ಮೆಮೊರಿಯಲ್ಲಿ ಮುಗಿಯುತ್ತದೆ. ಬಳಕೆದಾರರು ಹಿಗ್ಗಿಸಿದಾಗ ಕಣ್ಣೆದುರಿನ ಭಾಗವನ್ನಷ್ಟೇ ಬಿಟ್‌ಮ್ಯಾಪ್‌ರೀಜನ್‌ಡಿಕೋಡರ್ ಮೂಲಕ ಬಿಚ್ಚಬಹುದು. ಚಿತ್ರಗಳು ಸರ್ವರ್‌ನಿಂದ ಬರುವುದಾದರೆ ಅವನ್ನು ಮೊದಲೇ ನಕ್ಷೆಯಂತೆ ಹಲವು ಹಂತಗಳ ಟೈಲ್‌ಗಳಾಗಿ ಕತ್ತರಿಸಿಡುವುದು ಇನ್ನೂ ಒಳ್ಳೆಯದು. ಲಿಬ್‌ವಿಪ್ಸ್ ಎಂಬ ಉಚಿತ ಸಾಧನ ಡೀಪ್ ಝೂಮ್ ರೂಪದಲ್ಲಿ ಇದನ್ನು ಮಾಡಿಕೊಡುತ್ತದೆ, ವೆಬ್ ಪುಟದಲ್ಲಿ ಓಪನ್‌ಸೀಡ್ರ್ಯಾಗನ್ ಅದನ್ನು ತೋರಿಸುತ್ತದೆ. ಪ್ರತಿ ಹಂತವೂ ಅದರ ಮೇಲಿನದರ ಕಾಲು ಭಾಗವಾದ್ದರಿಂದ ಎಲ್ಲ ಹಂತಗಳನ್ನು ಸೇರಿಸಿದರೂ ಮೂಲ ಚಿತ್ರಕ್ಕಿಂತ ಮೂರನೆಯ ಒಂದು ಭಾಗದಷ್ಟು ಪಿಕ್ಸೆಲ್‌ಗಳು ಮಾತ್ರ ಹೆಚ್ಚಾಗುತ್ತವೆ. ಹಳೇಬೀಡಿನ ಭಿತ್ತಿಯ ಆನೆಗಳ ಸಾಲಿನಂಥ ಉದ್ದನೆಯ ಚಿತ್ರಕ್ಕಂತೂ ಇದೇ ದಾರಿ, ಏಕೆಂದರೆ ಅಲ್ಲಿ ಒಟ್ಟು ಮೆಮೊರಿ ಮಿತಿಯಲ್ಲೇ ಇದ್ದರೂ ಉದ್ದವೊಂದೇ ಗ್ರಾಫಿಕ್ಸ್ ಚಿಪ್ ಒಪ್ಪುವ ಮಿತಿಯನ್ನು ದಾಟಬಹುದು. ಹಳೆಯ ಫೋನುಗಳಲ್ಲಿ ಅದು ಹಲವೊಮ್ಮೆ 4,096 ಪಿಕ್ಸೆಲ್ ಮಾತ್ರ. ದೇವಾಲಯದ ತಳವಿನ್ಯಾಸದಂಥ ಗೆರೆಚಿತ್ರಗಳಿಗೆ ಈ ತಾಪತ್ರಯವಿಲ್ಲ, ಅವನ್ನು ವೆಕ್ಟರ್ ರೂಪದಲ್ಲಿ ಇಟ್ಟರೆ ಸಾಕು.

ಗುರುತುಗಳು ಸರಿಯುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ಅವುಗಳ ಸ್ಥಾನವನ್ನು ಪರದೆಯ ಪಿಕ್ಸೆಲ್‌ಗಳಲ್ಲಿ ಉಳಿಸಿಟ್ಟಿರುವುದು. ನಿಮ್ಮ ಪರದೆಯ 540ನೇ ಪಿಕ್ಸೆಲ್ ಗೆಳೆಯರ ಪರದೆಯಲ್ಲಿ ಚಿತ್ರದ ಬೇರೆಯೇ ಭಾಗದ ಮೇಲೆ ಬೀಳುತ್ತದೆ. ಚಿತ್ರದ ಅಗಲ ಎತ್ತರಗಳನ್ನು 1 ಎಂದಿಟ್ಟುಕೊಂಡು ಸ್ಥಾನವನ್ನು ದಶಾಂಶದಲ್ಲಿ ಬರೆದಿಟ್ಟು, ಚಿತ್ರವನ್ನು ಹಿಗ್ಗಿಸುವ ಮ್ಯಾಟ್ರಿಕ್ಸ್‌ನಿಂದಲೇ ಗುರುತಿನ ಸ್ಥಾನವನ್ನೂ ಪ್ರತಿ ಬಾರಿ ಲೆಕ್ಕ ಹಾಕಬೇಕು. ಕೆಲವು ಚಿತ್ರಗಳಲ್ಲಿ ಮಾತ್ರ ಗುರುತುಗಳು 90 ಡಿಗ್ರಿ ತಿರುಗಿದಂತೆ ಕಂಡರೆ ಫೋಟೋದ ಜೊತೆಗೆ ಕ್ಯಾಮೆರಾ ಬರೆದಿಡುವ ಎಕ್ಸಿಫ್ ಮಾಹಿತಿಯನ್ನು ನೋಡಿ: ಫೋನನ್ನು ನಿಲ್ಲಿಸಿ ಹಿಡಿದು ತೆಗೆದ ಫೋಟೋದಲ್ಲಿ ಪಿಕ್ಸೆಲ್‌ಗಳು ಅಡ್ಡವಾಗಿಯೇ ಉಳಿದು, "ತಿರುಗಿಸಿ ತೋರಿಸು" ಎಂಬ ಸೂಚನೆಯಷ್ಟೇ ಎಕ್ಸಿಫ್‌ನಲ್ಲಿರಬಹುದು. ಗ್ಲೈಡ್‌ನಂಥ ಲೈಬ್ರರಿ ಆ ಸೂಚನೆಯನ್ನು ಪಾಲಿಸುತ್ತದೆ, ರೀಜನ್ ಡಿಕೋಡರ್ ಪಾಲಿಸುವುದಿಲ್ಲ. ಇನ್ನು ನಕ್ಷೆಯ ಮೇಲಿನ ಗುರುತು ಹತ್ತಿರದಿಂದ ಸರಿಯಿದ್ದು, ನಕ್ಷೆಯನ್ನು ಕುಗ್ಗಿಸಿದಂತೆ ದೂರ ಸರಿದರೆ ಐಕಾನ್‌ನ ಆಧಾರಬಿಂದು ತಪ್ಪಾಗಿದೆ. ಅದು ಪಿನ್ನಿನ ಮೊನೆಯಲ್ಲಿರಬೇಕು.

ಇಲ್ಲಿಯವರೆಗೆ ಹೇಳಿದ್ದು ಮುಖ್ಯವಾಗಿ ಫೋನಿನಿಂದ ಫೋನಿಗೆ ಬೇರೆಯಾಗುವ ದೋಷಗಳನ್ನು. ಎಲ್ಲ ಫೋನುಗಳಲ್ಲೂ ಒಂದೇ ಬಗೆಯಾಗಿ ತಪ್ಪುವ ಗುರುತುಗಳಿದ್ದರೆ ಫೋನುಗಳನ್ನು ಬಿಟ್ಟು ದತ್ತಾಂಶವನ್ನು ಪರಿಶೀಲಿಸಿ. ಸ್ಥಳಗಳ ದತ್ತಾಂಶವನ್ನು ಬರೆದಿಡುವ ಜಿಯೋಜೇಸನ್ ರೂಪದಲ್ಲಿ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ಲೀಫ್‌ಲೆಟ್‌ನಲ್ಲಿ ಮೊದಲು ಅಕ್ಷಾಂಶ. ಸುಮಾರು 13 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವದಲ್ಲಿರುವ ಹಾಸನ ಇವು ಅದಲುಬದಲಾದರೆ ಆರ್ಕ್‌ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಕಡಲಿಗೆ ಬೀಳುತ್ತದೆ. ಇಷ್ಟು ದೊಡ್ಡ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ, ಚಿಕ್ಕ ತಪ್ಪೇ ಹೆಚ್ಚು ಕಾಡುವುದು. ಮುಳ್ಳಯ್ಯನಗಿರಿಯ ಕಾಲುದಾರಿಗಳನ್ನು ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಯಿಂದ ಗುರುತಿಸಿಕೊಂಡಿದ್ದರೆ, ಆ ಹಾಳೆಗಳು ಎವರೆಸ್ಟ್ 1830 ಎಂಬ ಭೂಮಾದರಿಯನ್ನು ಆಧರಿಸಿವೆ, ಫೋನಿನ ಜಿಪಿಎಸ್ ಡಬ್ಲ್ಯುಜಿಎಸ್ 84 ಅನ್ನು ಆಧರಿಸಿದೆ. ಅಕ್ಷಾಂಶ ರೇಖಾಂಶಗಳನ್ನು ಹಾಗೆಯೇ ನಕಲಿಸಿದರೆ ನಮ್ಮ ಭಾಗದಲ್ಲಿ ದಾರಿ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಹಾಳೆಯ ಮೂಲ ನಿರ್ದೇಶಾಂಕ ಪದ್ಧತಿಯನ್ನು ಸರಿಯಾಗಿ ಸೂಚಿಸಿ, ಡಬ್ಲ್ಯುಜಿಎಸ್ 84ಕ್ಕೆ ಪರಿವರ್ತಿಸಿದ ನಂತರವೇ ಅವನ್ನು ಆ್ಯಪ್‌ಗೆ ಸೇರಿಸಿ.