ಕೊಡಗು ಬಿಡದೆ ಕ್ರಿಟಿಕಲ್ ಕೇರ್ ಓದಬಹುದೇ?

ಪ್ರಶ್ನೆ: ನಾನು ಅರಿವಳಿಕೆ ವಿಭಾಗದಲ್ಲಿ ಎಂ.ಡಿ. ಮುಗಿಸಿ ವಿರಾಜಪೇಟೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಐಸಿಯು ಹೊಣೆಯೂ ನನ್ನದೇ. ಕೆಲಸ ಬಿಟ್ಟು ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಓದುವ ಸ್ಥಿತಿಯಲ್ಲಿಲ್ಲ. ವಿದೇಶಿ ವಿಶ್ವವಿದ್ಯಾಲಯಗಳು ಆನ್‌ಲೈನ್‌ನಲ್ಲಿ ನಡೆಸುವ ಕ್ರಿಟಿಕಲ್ ಕೇರ್ (ಪ್ರಾಣಾಪಾಯದಲ್ಲಿರುವ ರೋಗಿಗಳ ಚಿಕಿತ್ಸೆ) ಸ್ನಾತಕೋತ್ತರ ಪದವಿಯನ್ನು ಇಲ್ಲಿಂದಲೇ ಮಾಡಬಹುದೇ? ಅದರಿಂದ ನಿಜವಾಗಿ ಪ್ರಯೋಜನವಿದೆಯೇ?

ಉತ್ತರ: ಮಾಡಬಹುದು, ಪ್ರಯೋಜನವೂ ಇದೆ. ಆದರೆ ಆ ಪ್ರಯೋಜನ ಹೆಸರಿನ ಮುಂದೆ ಬರೆದುಕೊಳ್ಳುವ ಪದವಿಯಲ್ಲಿಲ್ಲ, ರೋಗಿಯ ಹಾಸಿಗೆಯ ಪಕ್ಕದಲ್ಲಿ ನೀವು ತೆಗೆದುಕೊಳ್ಳುವ ನಿರ್ಧಾರದಲ್ಲಿದೆ. ಮಡಿಕೇರಿ, ಕುಶಾಲನಗರ, ಸೋಮವಾರಪೇಟೆಗಳ ವೈದ್ಯರೂ ಶುಶ್ರೂಷಾಧಿಕಾರಿಗಳೂ ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಮೊದಲು ಮಾನ್ಯತೆಯ ವಿಷಯ. ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ನಿಯಮಾವಳಿಯ ಪ್ರಕಾರ ನಮ್ಮ ದೇಶದ ಯಾವ ವಿಶ್ವವಿದ್ಯಾಲಯವೂ ವೈದ್ಯಕೀಯ, ಶುಶ್ರೂಷೆ, ಫಿಸಿಯೋಥೆರಪಿ ಪದವಿಗಳನ್ನು ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ನೀಡುವಂತಿಲ್ಲ. ಇಲ್ಲಿ ಕ್ರಿಟಿಕಲ್ ಕೇರ್ ತಜ್ಞರೆನಿಸಿಕೊಳ್ಳಲು ಎಂ.ಡಿ. ನಂತರದ ಮೂರು ವರ್ಷಗಳ ಉನ್ನತ ಪದವಿಯಾದ ಡಿ.ಎಂ. ಅಥವಾ ಡಿಆರ್‌ಎನ್‌ಬಿ ಇದೆ. ಭಾರತೀಯ ಕ್ರಿಟಿಕಲ್ ಕೇರ್ ಮೆಡಿಸಿನ್ ಸಂಘವು ನಡೆಸುವ ಐಡಿಸಿಸಿಎಂ ಡಿಪ್ಲೊಮಾ ಮೊದಲಾದ ತರಬೇತಿಗಳಿವೆ. ಇವೆಲ್ಲಕ್ಕೂ ಐಸಿಯುವಿನಲ್ಲಿ ನಿಂತು ಕೆಲಸ ಮಾಡಲೇಬೇಕು. ಎಡಿನ್‌ಬರಾ ವಿಶ್ವವಿದ್ಯಾಲಯದ ಆನ್‌ಲೈನ್ ಎಂ.ಎಸ್ಸಿ.ಯಂಥ ಕೋರ್ಸುಗಳು ಈಗಾಗಲೇ ಐಸಿಯುವಿನಲ್ಲಿ ದುಡಿಯುತ್ತಿರುವವರ ತಿಳಿವಳಿಕೆಯನ್ನು ಗಟ್ಟಿಗೊಳಿಸಲೆಂದು ರೂಪುಗೊಂಡವು; ಅವುಗಳಿಂದ ಇಲ್ಲಿ ತಜ್ಞರ ನೋಂದಣಿ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬಡ್ತಿಗಾಗಿ ಅಥವಾ ವೈದ್ಯಕೀಯ ಕಾಲೇಜಿನ ಬೋಧಕ ಹುದ್ದೆಗಾಗಿ ಓದುವುದು ನಿಮ್ಮ ಉದ್ದೇಶವಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಡಿ.ಎಂ. ಪ್ರವೇಶ ಪರೀಕ್ಷೆಯಾದ ನೀಟ್ ಎಸ್ಎಸ್‌ಗೆ ಸಿದ್ಧರಾಗುವುದು ಒಳ್ಳೆಯದು.

ಉದ್ದೇಶ ಅದಲ್ಲವಾದರೆ, ಈ ಓದು ಏನು ಕಲಿಸುತ್ತದೆ ಎಂಬುದನ್ನು ನೋಡೋಣ. ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ಕೀಟನಾಶಕ ಕುಡಿದವರು, ಹಾವು ಕಚ್ಚಿದವರು, ಇಲಿಜ್ವರ ಶ್ವಾಸಕೋಶಕ್ಕೆ ಏರಿದವರು ನಮ್ಮ ತುರ್ತು ಚಿಕಿತ್ಸಾ ಕೊಠಡಿಗಳಿಗೆ ಬರುತ್ತಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರಿನ ಕಡೆಗಿನ ಸಂಪಾಜೆ ಘಾಟಿಯ ದಾರಿ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ವಾರಗಟ್ಟಲೆ ಮುಚ್ಚಿತ್ತು. ಕಳುಹಿಸುವ ಮುನ್ನ ನಮ್ಮ ಕೈಯಲ್ಲಿರುವ ಕೆಲವು ಗಂಟೆಗಳಲ್ಲಿ ಏನು ಮಾಡುತ್ತೇವೆ, ಅದಕ್ಕಿಂತ ಮುಖ್ಯವಾಗಿ ಏನು ಮಾಡದೆ ಬಿಡುತ್ತೇವೆ ಎಂಬುದರ ಮೇಲೆ ಆ ಜೀವ ನಿಂತಿರುತ್ತದೆ.

ಒಂದು ಲೆಕ್ಕವನ್ನೇ ತೆಗೆದುಕೊಳ್ಳಿ. ಶ್ವಾಸಕೋಶಗಳು ತೀವ್ರವಾಗಿ ಹಾನಿಗೊಂಡ ರೋಗಿಗೆ ವೆಂಟಿಲೇಟರ್ ಪ್ರತಿ ಉಸಿರಿಗೂ ಎಷ್ಟು ಗಾಳಿ ಕೊಡಬೇಕು? 2000ದಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು 861 ರೋಗಿಗಳಲ್ಲಿ ಕಿಲೋಗ್ರಾಮಿಗೆ 12 ಮಿಲಿಲೀಟರ್ ಮತ್ತು 6 ಮಿಲಿಲೀಟರ್ ಗಾಳಿಯನ್ನು ಹೋಲಿಸಿತು. ಸಾವಿನ ಪ್ರಮಾಣ ಶೇ 39.8ರಿಂದ ಶೇ 31ಕ್ಕೆ ಇಳಿಯಿತು. ಇಲ್ಲಿ ಕಿಲೋಗ್ರಾಮ್ ಎಂದರೆ ತಕ್ಕಡಿ ತೋರಿಸುವ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. 160 ಸೆಂಟಿಮೀಟರ್ ಎತ್ತರದ ಮಹಿಳೆಗೆ ಅದು ಸುಮಾರು 52 ಕಿಲೋ. ಆಕೆ 75 ಕಿಲೋ ತೂಗುತ್ತಿದ್ದರೂ ಪ್ರತಿ ಉಸಿರಿಗೆ ಸುಮಾರು 315 ಮಿಲಿಲೀಟರ್ ಸಾಕು. ಇದಕ್ಕೆ ಬೇಕಾದದ್ದು ಒಂದು ಅಳತೆ ಟೇಪು ಮತ್ತು ಮಲಗಿರುವ ರೋಗಿಯನ್ನು ಅಳೆಯುವಷ್ಟು ಶಿಸ್ತು. ಎಂ.ಡಿ.ಯಲ್ಲಿ ನೀವು ಇದನ್ನು ಓದಿಯೇ ಇರುತ್ತೀರಿ. ಆದರೆ ಆ ಅಧ್ಯಯನವನ್ನು ಸಾಲು ಸಾಲಾಗಿ ಬಿಡಿಸಿ, ಅದು ಯಾವ ರೋಗಿಗಳಿಗೆ ಅನ್ವಯಿಸುತ್ತದೆ, ಯಾರಿಗೆ ಅನ್ವಯಿಸುವುದಿಲ್ಲ ಎಂದು ಬೇರೆ ಬೇರೆ ದೇಶಗಳ ಸಹಪಾಠಿಗಳೊಡನೆ ವಾದಿಸಿ, ಉತ್ತರವನ್ನು ಬರೆದು ಒಪ್ಪಿಸುವ ಅಭ್ಯಾಸ ಬೇರೆಯದೇ.

ಆ ವಾದ ನಮ್ಮಂಥ ಜಿಲ್ಲೆಗೆ ಏಕೆ ಮುಖ್ಯವೆಂದರೆ, ಶ್ರೀಮಂತ ದೇಶಗಳ ಐಸಿಯುಗಳಲ್ಲಿ ಸರಿಯೆನಿಸಿದ್ದು ಎಲ್ಲೆಡೆಯೂ ಸರಿಯಾಗುವುದಿಲ್ಲ. 2011ರಲ್ಲಿ ಕೀನ್ಯಾ, ಉಗಾಂಡ, ತಾಂಜಾನಿಯಾಗಳಲ್ಲಿ ತೀವ್ರ ಜ್ವರದೊಡನೆ ರಕ್ತಸಂಚಾರ ಕುಗ್ಗಿದ ಮಕ್ಕಳಿಗೆ, ಅಲ್ಲಿಯವರೆಗಿನ ರೂಢಿಯಂತೆ, ರಕ್ತನಾಳದ ಮೂಲಕ ವೇಗವಾಗಿ ದ್ರವ ಕೊಟ್ಟು ನೋಡಿದಾಗ, 48 ಗಂಟೆಗಳೊಳಗಿನ ಸಾವು ಕಡಿಮೆಯಾಗುವ ಬದಲು ಶೇ 7.3ರಿಂದ ಸುಮಾರು ಶೇ 10.5ಕ್ಕೆ ಏರಿತು. ಉಸಿರಾಟ ಕೆಟ್ಟರೆ ವೆಂಟಿಲೇಟರ್ ಹಾಕಲು ಅನುಕೂಲವಿಲ್ಲದ ಆಸ್ಪತ್ರೆಗಳವು. ಮತ್ತೊಂದು ಕಡೆ, 2019ರಲ್ಲಿ ಪ್ರಕಟವಾದ ಲ್ಯಾಟಿನ್ ಅಮೆರಿಕದ ಅಧ್ಯಯನವೊಂದು ಸೋಂಕಿನ ನಂಜಿನಿಂದ ರಕ್ತಸಂಚಾರ ಕುಸಿದು ಆಘಾತಕ್ಕೆ ಒಳಗಾದ ರೋಗಿಗಳ ಬೆರಳ ತುದಿಯನ್ನು ಗಾಜಿನ ಸ್ಲೈಡಿನಿಂದ ಹತ್ತು ಸೆಕೆಂಡ್ ಒತ್ತಿ ಬಿಟ್ಟು, ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತದೆಯೇ ಎಂದು ನೋಡುತ್ತ ಚಿಕಿತ್ಸೆ ನಡೆಸಿತು. ರಕ್ತದ ಲ್ಯಾಕ್ಟೇಟ್ (ಅಂಗಾಂಗಗಳಿಗೆ ರಕ್ತ ಸಾಲದಾದಾಗ ಏರುವ ಅಂಶ) ನೋಡಿ ನಡೆಸಿದ ಚಿಕಿತ್ಸೆಗಿಂತ ಅದರ ಫಲಿತಾಂಶ ಕಳಪೆಯಾಗಲಿಲ್ಲ. ರಾತ್ರಿ ಎರಡು ಗಂಟೆಗೆ ಲ್ಯಾಕ್ಟೇಟ್ ಪರೀಕ್ಷೆ ಸಿಗದ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ನನಗೆ ತೋಚುವುದಿಲ್ಲ. ಯಾವುದನ್ನು ಇಲ್ಲಿಗೆ ತರಬಹುದು, ಯಾವುದನ್ನು ತರಬಾರದು ಎಂಬ ಈ ವಿವೇಚನೆಗಾಗಿಯೇ ನಾನು ಇಂಥ ಓದನ್ನು ಮನಸಾರೆ ಬೆಂಬಲಿಸುತ್ತೇನೆ.

ಸಮಯದ ಲೆಕ್ಕವೂ ತಿಳಿದಿರಲಿ. ಬ್ರಿಟನ್ನಿನ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ಹತ್ತು ಗಂಟೆಗಳ ಓದು. ಸರ್ಟಿಫಿಕೇಟಿಗೆ 60, ಡಿಪ್ಲೊಮಾಕ್ಕೆ 120, ಎಂ.ಎಸ್ಸಿ.ಗೆ 180 ಕ್ರೆಡಿಟ್. 60 ಕ್ರೆಡಿಟ್ ಎಂದರೆ 600 ಗಂಟೆ, ಇಡೀ ವರ್ಷಕ್ಕೆ ಹಂಚಿದರೂ ವಾರಕ್ಕೆ ಹನ್ನೊಂದು ಗಂಟೆಗೂ ಹೆಚ್ಚು. ಅಲ್ಲಿಯ ಸಂಜೆ ಏಳರ ತರಗತಿ ಚಳಿಗಾಲದಲ್ಲಿ ನಮಗೆ ನಡುರಾತ್ರಿ ಹನ್ನೆರಡೂವರೆ. ಆದ್ದರಿಂದ ನೇರ ತರಗತಿಗಳೆಷ್ಟು, ಅವುಗಳ ರೆಕಾರ್ಡಿಂಗ್ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದಿರುವುದು ಇಲ್ಲಿ ಸಾಮಾನ್ಯ. ಅಂಥ ಸಂದರ್ಭದಲ್ಲಿ ಲಿಖಿತ ಕೆಲಸ ಒಪ್ಪಿಸುವ ಗಡುವನ್ನು ವಿಸ್ತರಿಸುತ್ತಾರೆಯೇ ಎಂಬುದನ್ನು ಪತ್ರದಲ್ಲೇ ಖಚಿತಪಡಿಸಿಕೊಳ್ಳಿ.

ಶುಶ್ರೂಷಾಧಿಕಾರಿಗಳಿಗೆ ನನ್ನ ಸಲಹೆ ಕೊಂಚ ಬೇರೆ. ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಎಂಬ ಎರಡು ವರ್ಷಗಳ ಸ್ನಾತಕೋತ್ತರ ಕೋರ್ಸು ಬಹುಪಾಲು ಆಸ್ಪತ್ರೆಯಲ್ಲೇ ನಡೆಯುತ್ತದೆ ಮತ್ತು ಇಲ್ಲಿ ಮಾನ್ಯವಾಗಿದೆ. ಮನೆಯ ಪರಿಸ್ಥಿತಿ ಅವಕಾಶ ಕೊಟ್ಟರೆ ಮೊದಲು ಅದನ್ನೇ ನೋಡಿ.

ಇನ್ನು, ಪರದೆಯ ಮೇಲೆ ಕಲಿಯಲಾಗದ್ದು ಕೈಚಳಕ. ಕಷ್ಟದ ಗಂಟಲಿನಲ್ಲಿ ಉಸಿರಾಟದ ನಳಿಕೆ ಇಳಿಸುವುದು, ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವುದು, ಅಲ್ಟ್ರಾಸೌಂಡ್‌ನಲ್ಲಿ ಹೃದಯ ನೋಡುವುದು ಹೇಳಿಕೊಡುವವರು ಪಕ್ಕದಲ್ಲಿದ್ದರೆ ಮಾತ್ರ ಬರುತ್ತವೆ. ಅರಿವಳಿಕೆಯವರಾದ ನಿಮಗೆ ಇವುಗಳಲ್ಲಿ ಮೊದಲೆರಡು ಒಗ್ಗಿರುತ್ತವೆ. ಮೂರನೆಯದಕ್ಕೆ ರಜೆ ಹಾಕಿ ಮೈಸೂರಿನ ಅಥವಾ ಮಂಗಳೂರಿನ ದೊಡ್ಡ ಐಸಿಯು ಒಂದರಲ್ಲಿ ಕೆಲವು ವಾರ ಇದ್ದುಬನ್ನಿ. ಯುರೋಪಿನ ರೋಗಿಗಳನ್ನು ಮನಸ್ಸಿನಲ್ಲಿಟ್ಟು ಬರೆದ ಪಠ್ಯದಲ್ಲಿ ನಾಗರಹಾವಿನ ಕಡಿತಕ್ಕೂ ಕೀಟನಾಶಕದ ವಿಷಕ್ಕೂ ಹೆಚ್ಚು ಪುಟಗಳನ್ನು ನಿರೀಕ್ಷಿಸುವಂತಿಲ್ಲ. ಆ ಕೊರತೆಯನ್ನು ನಿಮ್ಮ ಕೊನೆಯ ವರ್ಷದ ಪ್ರಬಂಧದಲ್ಲಿ ನೀವೇ ತುಂಬಬಹುದು: ವಿರಾಜಪೇಟೆಯಿಂದ ಹೊರಟ ರೋಗಿಯ ರಕ್ತದೊತ್ತಡ, ಆಮ್ಲಜನಕದ ಮಟ್ಟ ಎಷ್ಟಿತ್ತು, ಮೈಸೂರು ತಲುಪಿದಾಗ ಎಷ್ಟಿತ್ತು, ದಾರಿಯಲ್ಲಿ ಯಾರಿದ್ದರು ಎಂಬುದನ್ನು ಕ್ರಮವಾಗಿ ದಾಖಲಿಸುವುದೇ ಒಂದು ಒಳ್ಳೆಯ ವಿಷಯ. ಅದಕ್ಕೆ ನಿಮ್ಮ ಆಸ್ಪತ್ರೆಯ ಅನುಮತಿ ಮತ್ತು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಪ್ರವೇಶಕ್ಕೆ ಅರ್ಜಿ ಹಾಕುವಾಗಲೇ ಆ ಮಾತುಕತೆ ಆರಂಭಿಸಿ.